ಬೊಂಬಾಯಿಗೆ ಹೋಗಿ ಬಂದ ಭತ್ತ

ಮೊಂತಿ ಹಬ್ಬದ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಗಲಿಬಿಲಿಗೊಳ್ಳುತ್ತಿದ್ದದ್ದು ಬೆಕ್ಕು. ನಾನು ಮೆಟ್ಟುಕತ್ತಿ ಹಾಕಿ ಕುಳಿತ ಕೂಡಲೇ ಅದು ರೂಢಿಯಂತೆ ಎದುರು ಬಂದು ಬಾಲ ಸುತ್ತಿಕೊಂಡು ಕೂರುತ್ತಿತ್ತು. ಕತ್ತಿಯಿಂದ ಕೆಳಗೆ ಬೀಳುತ್ತಿದ್ದದ್ದು ಬೆಂಡೆಯ ತೊಟ್ಟು, ಹೀರೆಯ ಸಿಪ್ಪೆ. ಮೂಸಿ ನೋಡಿ, ನನ್ನ ಮುಖ ನೋಡಿ, ಮತ್ತೆ ಮೂಸುತ್ತಿತ್ತು. ಮೀನಿನ ತುಂಡಿಲ್ಲದೆ ಬಾಳೆಲೆಯಲ್ಲಿ ಹಬ್ಬದೂಟ ಮಾಡುವ ದಿನ ನಮಗೆ ವರ್ಷದಲ್ಲಿ ಅದೊಂದೇ. ಮೀನು ಮಾರುವವಳಿಗೂ ಅದು ಗೊತ್ತಿತ್ತು. ಕಾಪುವಿನಿಂದ ಬುಟ್ಟಿ ಹೊತ್ತು ಬರುವವಳು ಆ ದಿನ ನಮ್ಮ ಓಣಿಯ ಬಾಯಿಯಲ್ಲಿ ಕೂಗದೆ ಮುಂದೆ ಹೋಗುತ್ತಿದ್ದಳು.

ಎಂಬತ್ತನೆಯ ಇಸವಿಯ ಆಸುಪಾಸಿನ ಆ ಬೆಳಿಗ್ಗೆಯೂ ಹಾಗೆಯೇ ಶುರುವಾಯಿತು. ಇಗರ್ಜಿಯ ಮೊದಲ ಗಂಟೆಗೆ ಎದ್ದು ಒಲೆ ಹೊತ್ತಿಸಿದೆ. ಕೆಸುವಿನ ಎಲೆಯ ನಾರು ತೆಗೆದು, ಅಂಬಟೆಕಾಯಿ ಜಜ್ಜಿ, ಪಾಯಸಕ್ಕೆ ತೆಂಗಿನಕಾಯಿ ತುರಿದಿಟ್ಟೆ. ಮಕ್ಕಳು ಒದ್ದೆ ಕಾಲಲ್ಲಿ ಬೇಲಿಯ ದಾಸವಾಳವನ್ನೆಲ್ಲ ಬುಟ್ಟಿಗೆ ಬೋಳಿಸಿ ತಂದರು. ಹೂವಿನ ಜೊತೆ ಒಂದಿಷ್ಟು ಇರುವೆಗಳೂ ಮೇರಿ ಮಾತೆಗೆ ಅರ್ಪಣೆಯಾಗಲು ಹೊರಟಿದ್ದವು. ನನ್ನ ಗಂಡ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿಸಿಕೊಂಡು ತಮ್ಮ ಅಂಗಿಯನ್ನು ತಾವೇ ಸುಟ್ಟುಕೊಳ್ಳುತ್ತಿದ್ದರು. ಅತ್ತೆ ಮಾತ್ರ ಅಡುಗೆಮನೆಯ ಕಡೆ ತಲೆ ಹಾಕಲಿಲ್ಲ. ಜಗಲಿಯಲ್ಲಿ ನಿಂತು ಎದುರಿನ ಗದ್ದೆಯನ್ನೇ ನೋಡುತ್ತಿದ್ದರು. ಅಲ್ಲಿ ಅವರ ಎರಡನೆಯ ಮಗ, ನನ್ನ ಮೈದುನ, ಪ್ಯಾಂಟು ಮಡಚಿಕೊಂಡು ತೆನೆ ಕೊಯ್ಯುತ್ತಿದ್ದ.

ಆ ತೆನೆಯ ವಿಷಯ ಸ್ವಲ್ಪ ಹೇಳಬೇಕು. ಮೊಂತಿ ಹಬ್ಬವೆಂದರೆ ಸೆಪ್ಟೆಂಬರ್ ಎಂಟು, ಮೇರಿ ಮಾತೆಯ ಹುಟ್ಟುಹಬ್ಬ. ಅಂದು ಹೊಸ ಭತ್ತದ ತೆನೆಗಳನ್ನು ಮೆರವಣಿಗೆಯಲ್ಲಿ ಇಗರ್ಜಿಗೆ ಒಯ್ದು, ಪಾದ್ರಿಗಳು ಆಶೀರ್ವದಿಸಿದ ಮೇಲೆ ಮನೆಗೆ ಇಷ್ಟಿಷ್ಟು ಎಂದು ಹಂಚುತ್ತಾರೆ. ಮಧ್ಯಾಹ್ನ ಮನೆಯ ಹಿರಿಯರು ಅದರಿಂದ ಕೆಲವು ಕಾಳು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟ ಮೇಲೆಯೇ ಊಟ. ನಮ್ಮ ಇಗರ್ಜಿಗೆ ಆ ತೆನೆ ಹೋಗುತ್ತಿದ್ದದ್ದು ನಮ್ಮ ಮನೆಯ ಗದ್ದೆಯಿಂದ. ಮಾವನ ಅಜ್ಜನ ಕಾಲದಿಂದ ನಡೆದುಬಂದ ಮರ್ಯಾದೆ ಅದು. ಭೂಮಸೂದೆ ಬಂದ ಮೇಲೆ ಗದ್ದೆಗಳೆಲ್ಲ ಒಕ್ಕಲುಗಳ ಹೆಸರಿಗೆ ಹೋಗಿ ಅಂಗಳದ ಎದುರಿನ ಒಂದು ತುಂಡು ಮಾತ್ರ ನಮಗೆ ಉಳಿದಿತ್ತು. ಮಾವ ತೀರಿಹೋಗಿದ್ದರು. ಅತ್ತೆಯ ಪಾಲಿಗೆ ಉಳಿದದ್ದು ಆ ತುಂಡು ಗದ್ದೆ, ಆ ತೆನೆ ಕೊಡುವ ಮರ್ಯಾದೆ. ಅದು ಯಾವಾಗ ಕೈಜಾರುತ್ತದೆ ಎಂದು ಗುರ್ಕಾರರ ಹೆಂಡತಿ ಕಾಯುತ್ತಿದ್ದರು. ಗುರ್ಕಾರರೆಂದರೆ ಇಗರ್ಜಿಗೆ ಸೇರಿದ ನಮ್ಮ ಕೇರಿಯ, ಅಂದರೆ ವಾಡೆಯ, ಮುಖಂಡರು. ಅವರಿಗೆ ಇಲ್ಲಿ ತೆಂಗಿನ ತೋಟವೇ ಹೊರತು ಗದ್ದೆ ಇಲ್ಲ. ಆದರೆ ಆಕೆ ಪ್ರತಿ ವರ್ಷ ತಪ್ಪದೆ, ಅತ್ತೆಯನ್ನು ಮರ್ಯಾದೆಯಿಂದ 'ಬಾಯಿ' ಎಂದು ಕರೆದು, ಬಹಳ ಪ್ರೀತಿಯಿಂದ ಹೇಳುತ್ತಿದ್ದರು:

"ನಿಮಗೆ ಕಷ್ಟ ಆದರೆ ಹೇಳಿ ಬಾಯಿ. ಕಾರ್ಕಳದಲ್ಲಿ ನನ್ನ ತವರಿನವರದ್ದು ಗದ್ದೆ ಉಂಟು. ಜೀಪಿನಲ್ಲಿ ತರಿಸಿದರೆ ಆಯ್ತು."

"ಕಷ್ಟ ಎಂತದ್ದು? ಮೇರಿ ಮಾತೆ ನಡೆದುಕೊಂಡು ಬರುವ ಗದ್ದೆ ಇರುವಾಗ ಜೀಪು ಯಾಕೆ?" ಎಂದು ಅತ್ತೆಯೂ ಅಷ್ಟೇ ಪ್ರೀತಿಯಿಂದ ಉತ್ತರಿಸುತ್ತಿದ್ದರು.

ಬೇಲಿಯಾಚೆಯ ದೊಡ್ಡ ಗದ್ದೆ ಮೊದಲು ನಮ್ಮದೇ. ಈಗ ಅದು ಆಚೆಮನೆಯ ಅಕ್ಕನದ್ದು. ತುಳು ಮಾತಾಡುವ, ಎಲೆಯಡಿಕೆ ಜಗಿಯುವ, ದೊಡ್ಡ ಗಂಟಲಿನ ಹೆಂಗಸು. ಗದ್ದೆ ತಮ್ಮ ಹೆಸರಿಗಾಗಬೇಕೆಂದು ಅವರು ಡಿಕ್ಲರೇಶನ್ ಹಾಕಿದ ದಿನದಿಂದ ಅತ್ತೆ ಆ ಬೇಲಿ ದಾಟಿರಲಿಲ್ಲ. ಅಕ್ಕನಿಗೆ ಅಂಥದ್ದೇನೂ ಇರಲಿಲ್ಲ. ಮೊದಲಿನಂತೆಯೇ ಬೇಲಿಯ ಮೇಲಿಂದ ನನಗೆ ಬಸಳೆ ಕೊಡುತ್ತಿದ್ದರು, "ದೊಡ್ಡ ಬಾಯಮ್ಮ ಹೇಗಿದ್ದಾರೆ?" ಎಂದು ಜಗಲಿಯಲ್ಲಿದ್ದ ಅತ್ತೆಯ ಕಿವಿಗೇ ಬೀಳುವಂತೆ ವಿಚಾರಿಸುತ್ತಿದ್ದರು.

ಇನ್ನು ಮೈದುನ. ಅವನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ, ಮಣಿಪಾಲದಲ್ಲಿ ಕೋಣೆ ಮಾಡಿಕೊಂಡಿದ್ದ. ಆ ವರ್ಷ ಬೇಸಿಗೆ ರಜೆಯಲ್ಲಿ ಅವನಿಗೆ ಬೊಂಬಾಯಿಯಲ್ಲಿ ಏನೋ ತರಬೇತಿ. ಅಲ್ಲಿ ಬೀಜಗಳಿಗೆ ಕಣ್ಣಿಗೆ ಕಾಣದ ಕಿರಣ ಹಾಯಿಸಿ ಗಿಡದ ಗುಣವನ್ನೇ ಬದಲಿಸುತ್ತಾರಂತೆ. ಉದ್ದ ಬೆಳೆಯುವುದನ್ನು ಗಿಡ್ಡ ಮಾಡಬಹುದು, ತಡವಾಗಿ ಬರುವುದನ್ನು ಬೇಗ ತರಿಸಬಹುದು. ನಮ್ಮ ಊರಿನ ಭತ್ತದ ದೊಡ್ಡ ದುರ್ಗುಣವೆಂದರೆ ತೆನೆ ಬರುವ ಹೊತ್ತಿಗೆ ಒಂದು ಗಾಳಿಮಳೆ ಬಂದರೆ ಸಾಕು, ಚಾಪೆ ಹಾಸಿದಂತೆ ಮಲಗಿಬಿಡುವುದು. ಅದನ್ನು ಬಗ್ಗದ ಭತ್ತ ಮಾಡುತ್ತೇನೆ ಎಂದು ಮೈದುನ ಹೊರಟ.

"ಹೇಗೆ ಅಂದರೆ ವೊನಿ," ಎಂದ ಅವನು ನನಗೆ. ಅತ್ತಿಗೆಯನ್ನು ನಾವು ಕೊಂಕಣಿಯಲ್ಲಿ ಹಾಗೆಯೇ ಕರೆಯುವುದು. "ಎಷ್ಟು ಎತ್ತರ ಬೆಳೆಯಬೇಕು, ಯಾವಾಗ ತೆನೆ ಬಿಡಬೇಕು, ಎಲ್ಲ ಬೀಜದ ಒಳಗೇ ಬರೆದುಂಟು. ಕಿರಣ ಹೋಗಿ ಆ ಬರಹವನ್ನು ಅಲ್ಲಲ್ಲಿ ಕೆರೆದು ಹಾಕ್ತದೆ."

ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ಹತ್ತಿರ ಚೌಕುಳಿ ಕಾಗದದ ನಕ್ಷೆಗಳಿದ್ದವು. ಲೆಕ್ಕ ತಪ್ಪಿ ಹೊಲಿದರೆ ಗುಲಾಬಿ ಹೋಗಿ ಕ್ಯಾಬೇಜು ಆಗುತ್ತಿತ್ತು. ನಾನು ಅದನ್ನು ಹೇಳಿದೆ.

"ಅದೇ! ನಾವು ಬೇಕೆಂತಲೇ ತಪ್ಪಿಸುವುದು. ಸಾವಿರದಲ್ಲಿ ಒಂದು ಒಳ್ಳೆಯ ತಪ್ಪು ಸಿಕ್ಕಿದರೆ ಸಾಕು."

"ಉಳಿದದ್ದು ಎಂತ ಆಗ್ತದೆ?"

"ಉಳಿದದ್ದು ಅನುಭವ," ಎಂದ ಮೈದುನ.

ಅವನಿಗೆ ಬೇಕಾಗಿದ್ದದ್ದು ಒಂದು ಹಿಡಿ ಬೀಜ. ಅತ್ತೆ ಒಪ್ಪಲಿಲ್ಲ. ಬೇಡವೆಂದಲ್ಲ, ಒಂದು ಹಿಡಿ ಸಾಲದೆಂದು. ಬೊಂಬಾಯಿಯ ಕಿರಣವೆಂದರೆ ಅವರ ಮನಸ್ಸಿನಲ್ಲಿ ಬಿಷಪರ ಆಶೀರ್ವಾದದ ಹಾಗೆ ಏನೋ ಒಂದು. ಹೆಚ್ಚಾದರೆ ಒಳ್ಳೆಯದೇ.

"ಒಂದು ಹಿಡಿಗೆ ಮಾತ್ರ ಎಂತಕ್ಕೆ ಪುತಾ? ಫಾದರ್ ತೀರ್ಥ ಚಿಮುಕಿಸುವಾಗ ಮುಂದಿನ ಬೆಂಚಿಗೆ ಮಾತ್ರ ಚಿಮುಕಿಸ್ತಾರಾ? ಕೊಂಡು ಹೋಗುವುದಾದರೆ ಇಡೀ ಮುಡಿ ಕೊಂಡು ಹೋಗು."

"ಮಾಂಯ್, ಹಾಗಲ್ಲ. ಹೋಲಿಸಿ ನೋಡ್ಲಿಕ್ಕೆ ಕಿರಣ ಹಾಯಿಸದ ಬೀಜವೂ ಬೇಕು."

"ಹೋಲಿಸುವುದು ನೆರೆಕರೆಯವರ ಕೆಲಸ. ಅದು ಅವರಿಗಿರಲಿ."

ತಾಯಿಗೆ ವಿಜ್ಞಾನ ಹೇಳಿ ಗೆದ್ದವರಿದ್ದಾರೋ ಇಲ್ಲವೋ, ನನ್ನ ಮೈದುನ ಗೆಲ್ಲಲಿಲ್ಲ. ಬೈಹುಲ್ಲಿನಲ್ಲಿ ಸುತ್ತಿ ಕಟ್ಟಿದ ಬೀಜದ ಮುಡಿ ಉಡುಪಿಯಿಂದ ಬೊಂಬಾಯಿ ಬಸ್ಸಿನ ನೆತ್ತಿ ಹತ್ತಿತು, ಅದರ ಪಕ್ಕದಲ್ಲಿ ಅಲ್ಲಿಯ ನಾದಿನಿಗೆಂದು ಕಳಿಸಿದ ಒಣಮೀನಿನ ಕಟ್ಟು, ಮಾವಿನ ಮಿಡಿಯ ಭರಣಿ. ನಾದಿನಿ ಮುಡಿಯನ್ನು ಊರಿನ ಅಕ್ಕಿ ಎಂದುಕೊಂಡು ಖುಷಿಯಿಂದ ಬಿಚ್ಚಲು ಹೋಗಿ ಜಗಳವೇ ಆಯಿತಂತೆ. ಅಂತೂ ಮಳೆ ಹಿಡಿಯುವ ಮೊದಲು ಭತ್ತ ಬೊಂಬಾಯಿ ಕಂಡು ಊರಿಗೆ ಬಂತು.

ನಮ್ಮ ಊರಿನಲ್ಲಿ ಬೊಂಬಾಯಿಯಿಂದ ರಜೆಗೆ ಬಂದವರನ್ನು ದೂರದಿಂದಲೇ ಗುರುತಿಸಬಹುದಿತ್ತು. ಅವರು ಕೆಸರಿಗೆ ಕಾಲಿಡುವುದಿಲ್ಲ, ಹೇಳಿದ ಹೊತ್ತಿಗೆ ಏಳುವುದಿಲ್ಲ, ಬಟ್ಟೆಯಲ್ಲಿ ಏನಾದರೂ ಹೊಸದೊಂದು ಇರುತ್ತದೆ. ಭತ್ತವೂ ಹಾಗೆಯೇ ಮಾಡಿತು. ಬಿತ್ತಿದ ಮೇಲೆ ನೆಲದಿಂದ ಏಳಲು ಬಹಳ ಯೋಚಿಸಿತು. ಅರ್ಧದಷ್ಟು ಏಳಲೇ ಇಲ್ಲ. ಎದ್ದವುಗಳಲ್ಲಿ ಒಂದು ಮೊಣಕಾಲೆತ್ತರ, ಪಕ್ಕದ್ದು ಸೊಂಟದೆತ್ತರ; ಕೆಲವು ಎಲೆಗಳಿಗೆ ಅಂಚಿನುದ್ದಕ್ಕೂ ಬಿಳಿ ಗೆರೆ, ಶಾಲೆಯ ಮಕ್ಕಳ ಕ್ರೀಡಾ ಚಡ್ಡಿಯ ಹಾಗೆ. ಬೇಲಿಯಾಚೆಯ ಅಕ್ಕನ ಗದ್ದೆಯಲ್ಲಿ ಒಂದೇ ಸಮನೆ ಹಸಿರು. ನಮ್ಮದು ರಿಪೇರಿಗೆ ಬಿಚ್ಚಿಟ್ಟ ಕಂಬಳಿ.

"ರೋಗವಾ ಮಾರಾಯ?" ಎಂದು ದಾರಿಯಲ್ಲಿ ಹೋಗುವವರು ಕೇಳಿದರೆ ಮೈದುನ, "ರೋಗ ಅಲ್ಲ, ಗುಣ," ಎನ್ನುತ್ತಿದ್ದ. ವಾರಕ್ಕೊಮ್ಮೆ ಮಣಿಪಾಲದಿಂದ ಸ್ನೇಹಿತರನ್ನು ಕರೆತರುತ್ತಿದ್ದ. ಅವರು ಹುಣಿಯ, ಅಂದರೆ ಗದ್ದೆಯ ಬದುವಿನ, ಮೇಲೆ ಬಿಳಿ ಬೂಟು ಹಾಕಿಕೊಂಡು ನಿಂತು ಫೋಟೋ ತೆಗೆಯುತ್ತಿದ್ದರು. ಆಮೇಲೆ ನಾನು ಮಾಡಿದ ಕೋಳಿ ಸಾರು, ನೀರುದೋಸೆ ತಿಂದು ವಿಜ್ಞಾನದ ಭವಿಷ್ಯ ಬಹಳ ಒಳ್ಳೆಯದುಂಟು ಎನ್ನುತ್ತಿದ್ದರು. ಗದ್ದೆಯ ಬಗ್ಗೆ ನನಗೆ ಏನೂ ಅರ್ಥವಾಗದಿದ್ದರೂ ನಮ್ಮ ಹುಂಜಗಳ ಸಂಖ್ಯೆ ಇಳಿಯುತ್ತಿದ್ದದ್ದು ಅರ್ಥವಾಗುತ್ತಿತ್ತು.

ಆಗಸ್ಟ್ ಮುಗಿಯುತ್ತ ಬಂದಾಗ ಅತ್ತೆಗೆ ನಿದ್ದೆ ಹೋಯಿತು. ಎಲ್ಲರ ಗದ್ದೆಯಲ್ಲೂ ತೆನೆ ಬಂದಿತ್ತು, ನಮ್ಮದರಲ್ಲಿ ಎಲೆ. ಗುರ್ಕಾರರ ಹೆಂಡತಿ ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯ, ನೊವೇನಾದ, ಮೊದಲ ದಿನವೇ ಜೀಪಿನ ಮಾತು ತೆಗೆದರು. ಅತ್ತೆ ಮನೆಗೆ ಬಂದು ಮಗನನ್ನು ಕೇಳಿದರು, "ಪುತಾ, ಎಂಟನೇ ತಾರೀಕು ಮೇರಿ ಮಾತೆಯ ಹುಟ್ಟುಹಬ್ಬ ಅಂತ ನಿನ್ನ ಕಿರಣಕ್ಕೆ ಯಾರಾದರೂ ಹೇಳಿದ್ದಾರಾ?" ಆ ರಾತ್ರಿಯಿಂದ ನಮ್ಮ ಮನೆಯ ಜಪಸರ ಎರಡು ಪಾಲು ಉದ್ದವಾಯಿತು. ಗದ್ದೆಗೆ ನಾಲ್ಕೂ ದಿಕ್ಕಿನಿಂದ ತೀರ್ಥ ಬಿತ್ತು. ಮೈದುನ ಅದಕ್ಕೆ ಆಕ್ಷೇಪವೆತ್ತಲಿಲ್ಲ. ನೀರು ನೀರೇ ಅಲ್ವಾ, ಎಂದ.

ಮತ್ತೆ, ಹಬ್ಬಕ್ಕೆ ಕೆಲವೇ ದಿನವಿರುವಾಗ, ತೆನೆ ಬಂತು. ಬಂದ ತೆನೆ ನೋಡಬೇಕಿತ್ತು! ದಪ್ಪ ದಂಟು, ಉದ್ದ ಗೊಂಚಲು. ಅದೇ ವಾರ ಬಡಿದ ಗಾಳಿಮಳೆಗೆ ಅಕ್ಕನ ಗದ್ದೆ ಅರ್ಧ ಮಲಗಿದರೂ ನಮ್ಮ ಒಂದು ತೆನೆಯೂ ತಲೆ ಬಗ್ಗಿಸಲಿಲ್ಲ. ಮೈದುನ ಅಂಗಳದಲ್ಲಿ ಕುಣಿಯುವುದೊಂದು ಬಾಕಿ. "ನೋಡಿದ್ರಾ ಮಾಂಯ್? ನಾನು ಎಂತ ಹೇಳಿದ್ದೆ?" ಎಂದು ಒಂದು ತೆನೆ ಕಿತ್ತು ಕಾಳು ಹಿಸುಕಿ ನೋಡಲು ಹೋದಾಗ ಅತ್ತೆ ಅವನ ಕೈಗೆ ಹೊಡೆದರು. ಆಶೀರ್ವಾದವಾಗುವ ಮೊದಲು ಹೊಸ ಕಾಳನ್ನು ಸುಲಿಯುವಂತಿಲ್ಲ, ಹಲ್ಲಿಗೆ ತಾಗಿಸುವಂತಿಲ್ಲ. ನಮ್ಮಲ್ಲಿ ಆ ನಿಯಮವನ್ನು ಕುಡುಕರೂ ಮೀರುವುದಿಲ್ಲ. ಹಾಗಾಗಿ ವಿಜ್ಞಾನವೂ ಎಂಟನೇ ತಾರೀಕಿನ ತನಕ ಕೈಕಟ್ಟಿ ಕಾದು ನಿಂತಿತು.

ಆ ಬೆಳಿಗ್ಗೆ ಇಗರ್ಜಿಯಲ್ಲಿ ಅತ್ತೆ ಕುಳಿತ ಠೀವಿ ನನಗೆ ಈಗಲೂ ನೆನಪಿದೆ. ಕಂದು ಬಣ್ಣದ ರೇಷ್ಮೆ ಸೀರೆ, ಕಿವಿಯಲ್ಲಿ ಹಬ್ಬಕ್ಕೆ ಮಾತ್ರ ಹೊರಬರುವ ಓಲೆ. ಮಕ್ಕಳು ಹೂ ಚೆಲ್ಲಿದರು, ಇರುವೆಗಳೂ ಚೆಲ್ಲಿದವು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ನಮ್ಮ ತೆನೆಗಳು ಸೈನಿಕರ ಹಾಗೆ ನೆಟ್ಟಗೆ ನಿಂತಿದ್ದವು. ಪ್ರತಿ ವರ್ಷ ಹೀಗೆ ನಿಲ್ಲಿಸಲು ದಾರ ಕಟ್ಟಬೇಕಾಗುತ್ತಿತ್ತು. ಪಾದ್ರಿಗಳಿಗೂ ಅದು ಕಣ್ಣಿಗೆ ಬಿತ್ತು. ಪ್ರಸಂಗದಲ್ಲಿ ಅವರು, ಲೋಕದ ಗಾಳಿಮಳೆಗೆ ಬಗ್ಗದ ಈ ತೆನೆಗಳ ಹಾಗೆ ನಮ್ಮ ವಿಶ್ವಾಸವೂ ಇರಲಿ ಎಂದರು. ದೇವರ ಸೃಷ್ಟಿಗೆ ಕೈಜೋಡಿಸಿದ ನಮ್ಮ ಯುವ ವಿಜ್ಞಾನಿ ಎಂದೂ ಅಂದರು. ಗಂಡಸರ ಸಾಲಿನಲ್ಲಿ ಮೈದುನ ತಲೆ ತಗ್ಗಿಸಿ ನಿಂತ. ಗುರ್ಕಾರರ ಹೆಂಡತಿ ಜೋರಾಗಿ ಕೆಮ್ಮಿದರು.

ಮಧ್ಯಾಹ್ನ ಬಾಳೆಲೆ ಹಾಕಿ ಎಲ್ಲರೂ ಕುಳಿತೆವು. ದೇವರ ಪಟದ ಎದುರು ಮೇಣದ ಬತ್ತಿ ಉರಿಯುತ್ತಿತ್ತು. ಬೊಂಬಾಯಿಯ ನಾದಿನಿಗೆ ಅಂಚೆಯಲ್ಲಿ ಕಳಿಸಲು ನಾಲ್ಕು ಕಾಳಿಗೆಂದು ಲಕೋಟೆಯನ್ನೂ ತೆಗೆದಿಟ್ಟಿದ್ದೆ. ಅತ್ತೆ ಶಿಲುಬೆಯ ಗುರುತು ಮಾಡಿ ಮೊದಲ ಕಾಳನ್ನು ಉಗುರಿನಿಂದ ಸುಲಿದರು. ಸಿಪ್ಪೆ ಎರಡಾಯಿತು. ಒಳಗೆ ಏನೂ ಇರಲಿಲ್ಲ. ಎರಡನೆಯದು, ಅದೂ ಹಾಗೆಯೇ. ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಎಲೆಯ ಮೇಲೆ ಹೊಟ್ಟು ಸಣ್ಣ ಗುಡ್ಡೆಯಾಗತೊಡಗಿತು. ಮಕ್ಕಳು ಹಸಿವಿನಿಂದ ಎಲೆಯ ತುದಿ ಹರಿಯುತ್ತಿದ್ದರು.

"ಜೊಳ್ಳು," ಎಂದರು ನನ್ನ ಗಂಡ. ಅವರು ಮಾತಾಡುವುದು ಕಡಿಮೆ, ಆಡಿದರೆ ಹೀಗೆ.

"ಇದು ಮೊದಲ ತಲೆಮಾರು ಮಾಂಯ್," ಎಂದ ಮೈದುನ. "ಕಿರಣದ ಪೆಟ್ಟಿಗೆ ಮೊದಲ ಸಲ ಕಾಳು ಕಟ್ಟುವುದು ಸ್ವಲ್ಪ ಕಡಿಮೆಯೇ. ಆದರೆ ದಂಟು ನೋಡಿ. ಬಗ್ಗಲಿಲ್ಲ ಅಲ್ವಾ?"

ಬಗ್ಗಲು ಆ ತೆನೆಗೆ ಒಳಗೊಂದು ಭಾರ ಬೇಕಲ್ಲ. ನಾನು ಮಕ್ಕಳಿಗೆ ನೀರು ಬಡಿಸಿದೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಇದೇ ಹೊತ್ತಿಗೆ ಇಗರ್ಜಿಯ ಅಷ್ಟೂ ಮನೆಗಳಲ್ಲಿ ಅಷ್ಟೂ ಅಜ್ಜಂದಿರು, ಅಜ್ಜಿಯರು ಬಾಳೆಲೆಯ ಮುಂದೆ ಕುಳಿತು ನಮ್ಮ ಗದ್ದೆಯ ತೆನೆಯಲ್ಲಿ ಉಗುರು ಹಾಕಿ ಕಾಳು ಹುಡುಕುತ್ತಿರಬೇಕು. ಅತ್ತೆಗೂ ಅದೇ ಹೊಳೆಯಿತೆಂದು ಕಾಣುತ್ತದೆ. ಮುಖ ಬಾಡಿತು. "ಹೇಂಟೆಗೆ ತೌಡು ಹಾಕಿದ್ದೇನಾ ನೋಡಿ ಬರ್ತೇನೆ," ಎಂದು ಎದ್ದು ಹಿತ್ತಿಲಿಗೆ ಹೋದರು. ಹಬ್ಬದೂಟದ ಎಲೆಯಿಂದ ಯಾರೂ ಹೇಂಟೆಗೆ ತೌಡು ಹಾಕಲು ಏಳುವುದಿಲ್ಲ.

ಬಂದಾಗ ಅವರ ಮುಷ್ಟಿಯಲ್ಲಿ ಏಳು ಕಾಳು ಇದ್ದವು. ಹಾಲುಗಟ್ಟಿದ, ದುಂಡಗಿನ ಕಾಳು. "ಒಂದು ತೆನೆಯಲ್ಲಿ ಸಿಕ್ಕಿತು, ಅಂಗಳದಲ್ಲಿ ಬಿದ್ದಿತ್ತು," ಎಂದರು. ಮೈದುನ ಎಲೆ ಬಿಟ್ಟು ಏಳುವವನಿದ್ದ. "ನೋಡಿದ್ರಾ! ಏಳು! ಇದೇ ಮಾಂಯ್, ಆ ಒಳ್ಳೆಯ ತಪ್ಪು ಇದೇ. ಯಾವ ತೆನೆ, ಎಲ್ಲಿ ತೋರಿಸಿ!" ಅತ್ತೆ ಅದನ್ನು ಹೇಂಟೆ ತಿಂದಿತು ಎಂದರು. ನಾನು ಕಾಳು ಅರೆದೆ, ತೆಂಗಿನ ಹಾಲಿಗೆ ಬೆರೆಸಿದೆ. ಅತ್ತೆ ಎಲ್ಲರಿಗೂ ಚಮಚದಲ್ಲಿ ಕೊಟ್ಟರು. ಅವರು ಬಗ್ಗಿದಾಗ ರೇಷ್ಮೆ ಸೀರೆಯ ಅಂಚಿಗೆ ಹುಣಿಯ ಹುಲ್ಲಿನ ಮುಳ್ಳುಗಳು ಸಾಲಾಗಿ ಕಚ್ಚಿಕೊಂಡಿದ್ದದ್ದು ಕಂಡಿತು. ನಮ್ಮ ಹಿತ್ತಿಲಲ್ಲಿ ಆ ಹುಲ್ಲಿಲ್ಲ.

ಮಧ್ಯಾಹ್ನ ಮೇಲೆ ಜನ ಬರತೊಡಗಿದರು. ಅತ್ತೆ ಜಗಲಿಯಲ್ಲಿ ಕುಳಿತು ಒಬ್ಬೊಬ್ಬರನ್ನೂ ಕೊರಳು ಕೊಯ್ಯಲು ಬಂದವರೆಂಬಂತೆ ಎದುರುಗೊಂಡರು. ಆದರೆ ಯಾರೂ ಜೊಳ್ಳಿನ ಮಾತೆತ್ತಲಿಲ್ಲ. ಮೊದಲು ಬಂದವರು, "ಏನು ರುಚಿ ಬಾಯಿ, ಈ ವರ್ಷದ ಹೊಸತು!" ಎಂದರು. ಎರಡನೆಯವರು, "ನಮ್ಮ ತೆನೆಯಲ್ಲಿ ಹಾಲು ಉಕ್ಕುತ್ತಿತ್ತು," ಎಂದರು. ಅಳತೆ ಮೀರಿದ ಆ ಹೊಗಳಿಕೆಯಲ್ಲಿ ಏನೋ ಇತ್ತು. ಮಾತಿನ ನಡುವೆ ಒಬ್ಬ ವಿಧವೆ, ನಾನು ಕಾಫಿ ಕೊಡುವಾಗ, ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದಳು: "ಮನೆಯಲ್ಲಿ ಯಾರಾದರೂ ಪಾಪನಿವೇದನೆ ಮಾಡದೆ ಇದ್ದರೆ ಆಶೀರ್ವಾದದ ಕಾಳು ಮಾಯ ಆಗ್ತದಾ ಬಾಯಿ? ಹೀಗೇ ಕೇಳಿದ್ದು." ಆಗ ನನಗೆ ಎಲ್ಲ ತಿಳಿಯಿತು. ಪ್ರತಿ ಮನೆಯವರೂ ತಮ್ಮ ಪಾಲಿನ ತೆನೆ ಮಾತ್ರ ಬರಿದಾಗಿದೆ, ಅದು ತಮ್ಮ ಮನೆಯ ಮೇಲಿನ ದೇವರ ಮುನಿಸು ಎಂದುಕೊಂಡಿದ್ದರು. ಅದನ್ನು ಬಾಯಿಬಿಟ್ಟು ಹೇಳಿ ಊರಿಗೆ ತೋರಿಸುವವರು ಯಾರು? ಒಂದಿಡೀ ವಾಡೆ ಅಂದು ಒಬ್ಬರಿಗೊಬ್ಬರು ಕಾಳು ತುಂಬಿದ ಸುಳ್ಳು ಹೇಳಿಕೊಂಡಿತು.

ಗುರ್ಕಾರರ ಹೆಂಡತಿ ಕೊನೆಗೆ ಬಂದರು. "ಕಾರ್ಕಳದಲ್ಲಿಯೂ ಇಂಥ ತೆನೆ ಇಲ್ಲ ಬಾಯಿ," ಎಂದು ಅತ್ತೆಯ ಕೈ ಹಿಡಿದರು. ಅತ್ತೆ ಅವರ ಮುಖವನ್ನೇ ನೋಡಿದರು, ಅಲ್ಲಿ ತಮಾಷೆ ಉಂಟಾ ಎಂದು. ನಾನು ಅವರ ಸೀರೆಯ ಅಂಚು ನೋಡಿದೆ. ಅಲ್ಲಿಯೂ ಹುಲ್ಲಿನ ಮುಳ್ಳು.

"ಮುಂದಿನ ವರ್ಷಕ್ಕೂ ನಿಮ್ಮದೇ ಆಗಬೇಕು," ಎಂದು ಹೇಳಿ ಹೋದರು. ಅತ್ತೆಯ ಬೆನ್ನು ನೆಟ್ಟಗಾಯಿತು. ಮೈದುನ ಅಷ್ಟರಲ್ಲಿ ಏಳು ಕಾಳಿನ ಲೆಕ್ಕದಿಂದ ಎಕರೆಗೆ ಎಷ್ಟು ಮುಡಿ ಎಂದು ಗುಣಿಸಿ, ಮಣಿಪಾಲದ ಬಸ್ಸಿಗೆ ಹೊತ್ತಾಯಿತೆಂದು ಓಡಿದ.

ಸಂಜೆ ನಾನು ವಾಡಿಕೆಯಂತೆ ಆಚೆಮನೆಗೆ ಪಾಯಸದ ಪಾತ್ರೆ ಹಿಡಿದು ಬೇಲಿಯ ಹತ್ತಿರ ಹೋದೆ. ಅಕ್ಕ ತನ್ನ ಗದ್ದೆಯ ಹುಣಿಯಲ್ಲಿ ಬಗ್ಗಿಕೊಂಡು ಮಲಗಿದ ಪೈರನ್ನು ಎತ್ತಿ ನಿಲ್ಲಿಸುತ್ತಿದ್ದರು. ನಮ್ಮ ಜಗಲಿಯಲ್ಲಿ ಅತ್ತೆ ಜಪಸರ ಹಿಡಿದು ಕುಳಿತಿದ್ದರು. ಮಾತು ಕೇಳುವಷ್ಟೇ ದೂರ.

"ಎಂತ ಅಕ್ಕ, ಗಾಳಿಗೆ ಬಿತ್ತಾ?"

"ಗಾಳಿಗಲ್ಲ ಬಾಯಮ್ಮ, ನಿಮ್ಮವರ ಕಾಲಿಗೆ," ಎಂದು ಅಕ್ಕ ಎಲೆಯಡಿಕೆ ಉಗಿದರು. "ಇವತ್ತು ಮಧ್ಯಾಹ್ನ ನಮ್ಮ ಹುಣಿಯಲ್ಲಿ ಸಂತೆ. ಮೊದಲು ದೊಡ್ಡ ಬಾಯಮ್ಮ ಬಂದರು, ಇಷ್ಟು ವರ್ಷ ಆದ ಮೇಲೆ. ಮತ್ತೆ ಗುರ್ಕಾರರ ಮನೆಯವರು. ಮತ್ತೆ ಒಬ್ಬರ ಹಿಂದೆ ಒಬ್ಬರು. ಎಲ್ಲರಿಗೂ ಒಂದೊಂದೇ ತೆನೆ ಬೇಕು, ಎಲ್ಲರೂ 'ಯಾರಿಗೂ ಹೇಳಬೇಡ' ಅಂತ. ನಾನು ಯಾರಿಗೆ ಹೇಳ್ಲಿಕ್ಕೆ ಉಂಟು?"

ಜಗಲಿಯಲ್ಲಿ ಜಪಸರದ ಮಣಿ ನಿಂತಿತು.

ಅಕ್ಕ ಸೀರೆಯ ಸೆರಗಿಗೆ ಕೈ ಒರೆಸಿ, ಪಾಯಸದ ಪಾತ್ರೆಯನ್ನು ತೆಗೆದುಕೊಂಡು, ಮುಚ್ಚಳ ಎತ್ತಿ ಮೂಸಿ ನೋಡಿದರು. "ಏಲಕ್ಕಿ ಹಾಕಿದ್ದೀರಿ, ಒಳ್ಳೆ ಪರಿಮಳ ಉಂಟು," ಎಂದು ಮನೆಯ ಕಡೆ ತಿರುಗಿದವರು, ನಡೆಯುತ್ತಲೇ ಹೇಳಿದರು: "ಮುಂದಿನ ವರ್ಷ ಹಿಂದಿನ ದಿವಸವೇ ಒಂದು ಮಾತು ಹೇಳಿ ಬಾಯಮ್ಮ. ಹೀಗೆ ಒಬ್ಬೊಬ್ಬರೇ ಬಂದು ಮೆಟ್ಟುವುದು ಬೇಡ. ಒಂದು ಕಟ್ಟು ಕೊಯ್ದು ನಾನೇ ನಿಮ್ಮ ಇಗರ್ಜಿಗೆ ತಂದು ಕೊಡ್ತೇನೆ."